ಬಣ್ಣ ಹಿಡಿಸುವುದು ಇಂಕ್, ಕಾಗದವಲ್ಲ

ಪ್ರಶ್ನೆ: ಸರ್, ಮನೆಯಲ್ಲೇ ಸಣ್ಣದಾಗಿ ಮಗ್ ಪ್ರಿಂಟಿಂಗ್ ಆರಂಭಿಸಬೇಕೆಂದಿದ್ದೇನೆ. ಯಾವ ಪ್ರಿಂಟರ್, ಯಾವ ಪ್ರೆಸ್ ಕೊಳ್ಳಲಿ? ಮನೆಯಲ್ಲಿ ಈಗಾಗಲೇ ಒಂದು ಕಲರ್ ಪ್ರಿಂಟರ್ ಇದೆ. ಸಬ್ಲಿಮೇಶನ್ ಪೇಪರ್ ಮಾತ್ರ ತಂದು ಅದರಲ್ಲೇ ಪ್ರಿಂಟ್ ತೆಗೆದರೆ ಸಾಕಲ್ಲವೇ?

ಉತ್ತರ: ಸಾಲದು. ಇದನ್ನು ಎಷ್ಟು ಸಲ ಹೇಳಿದರೂ ಮರುವಾರ ಅದೇ ಪ್ರಶ್ನೆ ಬೇರೊಬ್ಬರಿಂದ ಬರುತ್ತದೆ. ಕೇಳುವವರದು ತಪ್ಪಲ್ಲ. ಕಾಗದ ಮಾರುವವರು ‘ಇದು ಸಬ್ಲಿಮೇಶನ್ ಪೇಪರ್, ಯಾವ ಪ್ರಿಂಟರ್‌ಗಾದರೂ ಹಾಕಿ’ ಎನ್ನುತ್ತಾರೆ. ಅವರು ಹೇಳುವುದು ಕಾಗದ ಪ್ರಿಂಟರ್‌ನೊಳಗೆ ಹೋಗುತ್ತದೆ ಎಂಬಷ್ಟೇ ಅರ್ಥದಲ್ಲಿ ನಿಜ. ಹಾಗಾಗಿ ಪ್ರಿಂಟರ್, ಪ್ರೆಸ್‌ಗಳ ವಿಷಯ ಆಮೇಲೆ ಇರಲಿ. ಮೊದಲು ಈ ಕಾಗದದ ನಂಬಿಕೆಯನ್ನು ಬುಡಸಮೇತ ಕೀಳೋಣ.

ಕಾಗದದ ಮೇಲೆ ತೆಗೆದ ಪ್ರಿಂಟನ್ನು ಮಗ್‌ಗೆ ಸುತ್ತಿ, ಪ್ರೆಸ್ ಎಂಬ ಯಂತ್ರದಲ್ಲಿ ಕಾಯಿಸಿ ಒತ್ತಿ, ಬಣ್ಣವನ್ನು ಮಗ್‌ಗೆ ದಾಟಿಸುವುದೇ ಸಬ್ಲಿಮೇಶನ್ ಪ್ರಿಂಟಿಂಗ್. ಇದಕ್ಕೆ ಬಳಸುವ ಸಬ್ಲಿಮೇಶನ್ ಇಂಕ್‌ನಲ್ಲಿರುವುದು ಡಿಸ್ಪರ್ಸ್ ಡೈ ಎಂಬ ಜಾತಿಯ ಬಣ್ಣ. ಅದು ನೀರಿನಲ್ಲಿ ಕರಗುವುದಿಲ್ಲ, ಅತಿ ಸಣ್ಣ ಕಣಗಳಾಗಿ ದ್ರವದಲ್ಲಿ ತೇಲಿಕೊಂಡಿರುತ್ತದೆ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದಾಗ ಈ ಕಣಗಳು ನೀರಾಗದೆ ನೇರವಾಗಿ ಆವಿಯಾಗುತ್ತವೆ, ಡಬ್ಬಿಯ ಮುಚ್ಚಳ ತೆರೆದಿಟ್ಟ ಕರ್ಪೂರ ತಾನಾಗಿ ಸವೆದು ಗಾಳಿ ಸೇರುವಂತೆ. ಅದೇ ಹೊತ್ತಿಗೆ ಮಗ್‌ನ ಮೇಲಿರುವ ಪಾಲಿಯೆಸ್ಟರ್ ಲೇಪನವೂ ಬಿಸಿಗೆ ಸಡಿಲಗೊಂಡಿರುತ್ತದೆ. ಬಣ್ಣದ ಆವಿ ಅದರೊಳಕ್ಕೆ ಇಳಿಯುತ್ತದೆ. ಮಗ್ ತಣ್ಣಗಾದಾಗ ಲೇಪನ ಮತ್ತೆ ಬಿಗಿಯಾಗಿ, ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ಉಗುರಿನಿಂದ ಕೆರೆದರೆ ಏಳಲು ಅದು ಮೇಲ್ಮೈಯಲ್ಲಿ ಕುಳಿತಿರುವುದೇ ಇಲ್ಲ.

ನಿಮ್ಮ ಮನೆಯ ಪ್ರಿಂಟರ್‌ನಲ್ಲಿರುವ ಮಾಮೂಲಿ ಡೈ ಇಂಕ್ ನೀರಿನಲ್ಲಿ ಕರಗುವ ಬಣ್ಣ. ಪಿಗ್ಮೆಂಟ್ ಇಂಕ್ ಆದರೆ ಕಾಗದದ ಮೇಲೆ ಅಂಟಿ ಕೂರುವ ಪುಡಿ. ಇವೆರಡೂ ಆ ಶಾಖಕ್ಕೆ ಆವಿಯಾಗುವುದಿಲ್ಲ. ಆವಿಯಾಗದ ಬಣ್ಣ ಲೇಪನದೊಳಗೆ ಇಳಿಯುವುದಾದರೂ ಹೇಗೆ? ಸಬ್ಲಿಮೇಶನ್ ಪೇಪರ್‌ಗೆ ಇರುವ ಕೆಲಸ ಒಂದೇ: ಇಂಕನ್ನು ತನ್ನ ನಾರಿನೊಳಕ್ಕೆ ಎಳೆದುಕೊಳ್ಳದೆ ಮೇಲೆಯೇ ಹಿಡಿದಿಟ್ಟುಕೊಂಡು, ಬಿಸಿ ತಗುಲಿದಾಗ ಪೂರ್ತಿ ಬಿಟ್ಟುಕೊಡುವುದು.

‘ವಿಡಿಯೊದಲ್ಲಿ ಮಾಮೂಲಿ ಇಂಕ್‌ನಲ್ಲೇ ಮಗ್ ಮೇಲೆ ಚಿತ್ರ ಬಂದದ್ದನ್ನು ನೋಡಿದ್ದೇನೆ’ ಎನ್ನುವವರಿದ್ದಾರೆ. ಬರುತ್ತದೆ. ಒತ್ತಿದ ಕಾಗದದಿಂದ ಒಂದಿಷ್ಟು ಕಲೆ ಮಗ್‌ಗೆ ಅಂಟುತ್ತದೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ, ನಿಮ್ಮ ಗ್ರಾಹಕರ ಮನೆಯಲ್ಲಿ ಪಾತ್ರೆ ತೊಳೆಯುವುದು ಅಲ್ಲಿಂದ ಆರಂಭವಾಗುತ್ತದೆ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಕಲಿಯಲು ಬಂದವರಿಗೆ ನಾನು ಮೊದಲ ದಿನವೇ ಮಾಡಿ ತೋರಿಸುವ ಪರೀಕ್ಷೆ ಇದು. ಒಂದೇ ಮಗ್‌ನ ಎಡಕ್ಕೆ, ಮಾಮೂಲಿ ಇಂಕ್‌ನಲ್ಲಿ ಸಬ್ಲಿಮೇಶನ್ ಪೇಪರ್ ಮೇಲೆ ತೆಗೆದ ಪ್ರಿಂಟ್. ಬಲಕ್ಕೆ, ಸಬ್ಲಿಮೇಶನ್ ಇಂಕ್‌ನಲ್ಲಿ ಜೆರಾಕ್ಸ್ ಅಂಗಡಿಯ ಸಾದಾ ಎ4 ಹಾಳೆಯ ಮೇಲೆ ತೆಗೆದ ಅದೇ ಪ್ರಿಂಟ್. ಎರಡನ್ನೂ ಟೇಪ್ ಹಾಕಿ ಬಿಗಿದು ಒಟ್ಟಿಗೆ ಪ್ರೆಸ್ ಮಾಡಿ. ಹೊರತೆಗೆದ ಮೇಲೆ ಮಗ್‌ಗಿಂತ ಮೊದಲು ಕಾಗದಗಳನ್ನು ನೋಡಿ. ಎಡಗಡೆಯ ದುಬಾರಿ ಕಾಗದದಲ್ಲಿ ಚಿತ್ರ ಹೆಚ್ಚು ಕಡಿಮೆ ಹಾಗೆಯೇ ಉಳಿದಿರುತ್ತದೆ. ಬಲಗಡೆಯ ಸಾದಾ ಹಾಳೆ ಬಿಳಚಿಕೊಂಡಿರುತ್ತದೆ, ಏಕೆಂದರೆ ಅದರ ಬಣ್ಣ ಮಗ್‌ಗೆ ಹೋಗಿದೆ. ಈಗ ವಿಮ್ ಹಚ್ಚಿ ಹಸಿರು ಸ್ಕ್ರಬ್ಬರ್‌ನಿಂದ ಮಗ್ ಉಜ್ಜಿ. ಎಡಗಡೆಯ ಕಲೆ ಬಣ್ಣದ ನೊರೆಯಾಗಿ ಸಿಂಕ್‌ಗೆ ಇಳಿಯುತ್ತದೆ, ಬಲಗಡೆಯದು ಕದಲುವುದಿಲ್ಲ. ಸಾದಾ ಹಾಳೆಯ ನಾರು ಒಂದಿಷ್ಟು ಇಂಕ್ ನುಂಗಿರುವುದರಿಂದ ಬಣ್ಣ ಸ್ವಲ್ಪ ಮಂಕಾಗಿರುತ್ತದೆ, ಅಷ್ಟೇ. ಆ ಮಂಕುತನ ಹೋಗಲಾಡಿಸುವುದಕ್ಕೇ ಸಬ್ಲಿಮೇಶನ್ ಪೇಪರ್ ಇರುವುದು. ಈ ಪರೀಕ್ಷೆಯನ್ನು ಕಣ್ಣಾರೆ ಕಂಡವರು ಆಮೇಲೆ ಆ ಪ್ರಶ್ನೆಯನ್ನು ಕೇಳಿಲ್ಲ.

ಬಣ್ಣದ ಆವಿ ಇಳಿಯಲು ಲೇಪನ ಬೇಕಾದ್ದರಿಂದ, ಪಾತ್ರೆ ಅಂಗಡಿಯ ಬಿಳಿ ಪಿಂಗಾಣಿ ಕಪ್ ತಂದು ಪ್ರೆಸ್‌ಗೆ ಇಟ್ಟರೂ ಪ್ರಯೋಜನವಿಲ್ಲ. ಫ್ರಾನ್ಸ್‌ನ ನೊಯೆಲ್ ದ ಪ್ಲಾಸ್ 1957ರಲ್ಲಿ ರೂಪಿಸಿದ ಈ ವಿಧಾನ ಬಟ್ಟೆ ಉದ್ಯಮದಲ್ಲಿ ಹುಟ್ಟಿ ಬೆಳೆದದ್ದು, ಅಲ್ಲಿಯೂ ಅದು ನೆಚ್ಚಿಕೊಂಡದ್ದು ಸಿಂಥೆಟಿಕ್ ನೂಲನ್ನೇ. ಬರಿಯ ಪಿಂಗಾಣಿಗೂ ಹತ್ತಿಗೂ ಈ ಬಣ್ಣವನ್ನು ಒಳಗೆ ಹಿಡಿದಿಡುವ ಶಕ್ತಿ ಇಲ್ಲ. ಮಗ್ ಕೊಳ್ಳುವಾಗ ಕೋಟೆಡ್ ಮಗ್, ಅಂದರೆ ಆ ಲೇಪನ ಇರುವ ಮಗ್, ಎಂದೇ ಕೇಳಿ. ದೊಡ್ಡ ಪ್ರಮಾಣದಲ್ಲಿ ತರಿಸುವ ಮೊದಲು ಒಂದೆರಡನ್ನು ಪ್ರಿಂಟ್ ಮಾಡಿ ನೋಡಿ. ಒಂದೇ ಪೆಟ್ಟಿಗೆಯ ಮಗ್‌ಗಳಲ್ಲಿ ಕೆಲವು ಹಾಲಿನ ಬಿಳಿ, ಕೆಲವು ತುಸು ಹಳದಿ ಇದ್ದರೆ ಆ ಸರಕು ಬೇಡ. ಸಬ್ಲಿಮೇಶನ್‌ನಲ್ಲಿ ಬಿಳಿ ಇಂಕ್ ಎಂಬುದೇ ಇಲ್ಲ. ಫೋಟೊದಲ್ಲಿರುವ ಬಿಳಿ ಅಂಗಿಯ ಬಣ್ಣ ನಿಮ್ಮ ಮಗ್‌ನ ಬಣ್ಣವೇ.

ಇನ್ನು ಪ್ರಿಂಟರ್. ಸಬ್ಲಿಮೇಶನ್ ಇಂಕ್‌ಗೆ ಪೀಜೋ ಹೆಡ್ ಇರುವ ಪ್ರಿಂಟರ್ ಬೇಕು. ಎಚ್‌ಪಿ, ಕ್ಯಾನನ್‌ನ ಮನೆಬಳಕೆಯ ಇಂಕ್‌ಜೆಟ್‌ಗಳು ಹೆಡ್‌ನಲ್ಲೇ ಇಂಕನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸಿ ಹನಿ ಉಗುಳುತ್ತವೆ. ಶಾಖಕ್ಕಾಗಿ ಕಾದು ಕುಳಿತ ಇಂಕನ್ನು ಅಲ್ಲಿಗೆ ಹಾಕಬಾರದು. ಎಪ್ಸನ್‌ನ ಪೀಜೋ ಹೆಡ್ ವಿದ್ಯುತ್ತಿಗೆ ಬಾಗುವ ಹರಳಿನಿಂದ ಹನಿಯನ್ನು ತಳ್ಳುತ್ತದೆ, ಕಾಯಿಸುವುದಿಲ್ಲ. ನಮ್ಮ ಕಡೆಯ ಮಗ್ ಅಂಗಡಿಗಳಲ್ಲಿ ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರ್‌ಗಳೇ ಕಾಣಿಸುವುದು ಇದಕ್ಕೇ.

ನಾಲ್ಕು ಬಣ್ಣದ್ದೋ ಆರು ಬಣ್ಣದ್ದೋ? ಹೊಸಬರಿಗೆ ನನ್ನ ಸಲಹೆ ನಾಲ್ಕು ಬಣ್ಣದ್ದು, ಎಲ್3210ರಂಥದ್ದು. ಎಲ್8050ರಂಥ ಆರು ಬಣ್ಣದ ಪ್ರಿಂಟರ್‌ನಲ್ಲಿ ಮುಖದ ಮೈಬಣ್ಣ ಇನ್ನಷ್ಟು ನಯವಾಗಿ ಬರುತ್ತದೆ ನಿಜ, ಆದರೆ ಒಣಗಿ ಕಟ್ಟಿಕೊಳ್ಳುವ ನಾಜಲ್ (ಇಂಕ್ ಚಿಮ್ಮುವ ಸಣ್ಣ ರಂಧ್ರ) ಸಾಲುಗಳೂ ಎರಡು ಹೆಚ್ಚು. ದಿನವೂ ಕೆಲಸ ಇರುತ್ತದೆ ಎಂಬ ಖಾತ್ರಿ ಬಂದ ಮೇಲೆ ಅದಕ್ಕೆ ಏರಿ. ಪ್ರಿಂಟರ್ ಹೊಸದಾಗಿರಲಿ, ಕಂಪನಿಯ ಇಂಕನ್ನು ಟ್ಯಾಂಕ್‌ಗೆ ಸುರಿಯುವ ಮೊದಲೇ ಸಬ್ಲಿಮೇಶನ್ ಇಂಕ್ ತುಂಬಿ. ಹಾಗೆ ಮಾಡಿದರೆ ವಾರಂಟಿಯನ್ನು ಮರೆಯಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವಾರಂಟಿ ಬೇಕೇ ಬೇಕು ಎನ್ನುವವರಿಗೆ ಎಪ್ಸನ್‌ನ ಎಫ್ ಸರಣಿಯಲ್ಲಿ ಸಬ್ಲಿಮೇಶನ್‌ಗೆಂದೇ ತಯಾರಾದ ಪ್ರಿಂಟರ್ ಇದೆ, ಬಂಡವಾಳ ಹೆಚ್ಚು ಬೇಡುತ್ತದೆ. ಎ3 ಪ್ರಿಂಟರ್ ಮಗ್‌ಗೆ ಬೇಕಿಲ್ಲ. ಮಾಮೂಲಿ 11 ಔನ್ಸ್ ಮಗ್‌ಗೆ ಸುತ್ತುವ ಚಿತ್ರ ಸುಮಾರು 200 ಮಿ.ಮೀ. ಉದ್ದ, 90 ಮಿ.ಮೀ. ಎತ್ತರ. ಒಂದು ಎ4 ಹಾಳೆಯಲ್ಲಿ ಮೂರು ಪಟ್ಟಿ ಕೂರುತ್ತವೆ.

ಇಂಕ್ ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮುಖ್ಯವಾಗಿ ಕೇಳಬೇಕಾದದ್ದು ಐಸಿಸಿ ಪ್ರೊಫೈಲ್, ಅಂದರೆ ಬಣ್ಣ ಸರಿಹೊಂದಿಸುವ ಫೈಲ್. ಕಾಗದದ ಮೇಲೆ ಸಬ್ಲಿಮೇಶನ್ ಪ್ರಿಂಟ್ ಪೇಲವವಾಗಿಯೇ ಕಾಣುತ್ತದೆ, ಪ್ರೆಸ್ ಆದ ಮೇಲೆ ಬಣ್ಣ ಅರಳುತ್ತದೆ. ಅರಳಿದಾಗ ಏನಾಗುತ್ತದೆ ಎಂಬ ಲೆಕ್ಕ ಇರುವುದು ಆ ಪ್ರೊಫೈಲ್‌ನಲ್ಲಿ. ಅದು ಇಲ್ಲದೆ ಹೋದರೆ ಕೆಂಪು ಕುಂಕುಮ ಕಿತ್ತಳೆಯಾಗಿ, ಕಪ್ಪು ಕೂದಲು ಕಂದಾಗಿ ಬಂದೀತು. ‘ಪ್ರೊಫೈಲ್ ಅಂದರೇನು’ ಎಂದು ಕೇಳುವ ಅಂಗಡಿಯಲ್ಲಿ ಇಂಕ್ ಕೊಳ್ಳಬೇಡಿ. ಒಂದು ಮಗ್‌ಗೆ ಖರ್ಚಾಗುವ ಇಂಕ್ ತೀರಾ ಕಡಿಮೆ, ಹಾಳಾಗುವ ಮಗ್‌ನ ಬೆಲೆಯೇ ಜಾಸ್ತಿ. ಆದ್ದರಿಂದ ಇಂಕ್‌ನಲ್ಲಿ ಚೌಕಾಸಿ ಮಾಡಿ ಉಳಿಸುವುದು ಏನೂ ಇಲ್ಲ. ಎರಡು ಕಂಪನಿಯ ಇಂಕ್ ಒಂದೇ ಟ್ಯಾಂಕ್‌ನಲ್ಲಿ ಬೆರೆಸಬೇಡಿ. ಆರ್ಡರ್ ಇಲ್ಲದ ದಿನಗಳಲ್ಲೂ ಎರಡು ದಿನಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಸಣ್ಣ ಪ್ರಿಂಟ್ ತೆಗೆಯಿರಿ.

ಪ್ರೆಸ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಗ್ ಮಾತ್ರ ಮಾಡುವುದಾದರೆ ಮಗ್ ಪ್ರೆಸ್ ಮಾತ್ರ ಕೊಳ್ಳಿ, ಐದು ಕೆಲಸ ಮಾಡುವ ಒಂದೇ ಯಂತ್ರದ ಮೋಹ ಬೇಡ. ಮಗ್ ಸುತ್ತ ಅಪ್ಪಿಕೊಂಡು ಕಾಯಿಸುವ ಕಾಯಿಲ್ ಒಂದು ದಿನ ಕೈಕೊಡುತ್ತದೆ, ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. 180 ಡಿಗ್ರಿ, ಸುಮಾರು ಮೂರು ನಿಮಿಷದಿಂದ ಆರಂಭಿಸಿ. ಕಪ್ಪು ಕಂದಾಗಿ ಅಂಚು ಹರಡಿದ್ದರೆ ಸಮಯ ಇಳಿಸಿ. ಬಣ್ಣ ಮಂಕಾಗಿ, ಕಾಗದದಲ್ಲಿ ಇನ್ನೂ ಗಾಢ ಚಿತ್ರ ಉಳಿದಿದ್ದರೆ ಏರಿಸಿ. ಒಂದು ಬದಿ ಮಾತ್ರ ಬಿಳಚಿದ್ದರೆ ಅಲ್ಲಿ ಒತ್ತಡ ಸಾಲದು, ಸಮಯ ಮುಟ್ಟಬೇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕಾಗದವನ್ನು ಗಾಳಿಯಾಡದ ಕವರ್‌ನಲ್ಲಿಡಿ. ತೇವ ಕುಡಿದ ಕಾಗದ ಪ್ರೆಸ್‌ನಲ್ಲಿ ಹಬೆ ಬಿಟ್ಟು ಚಿತ್ರದ ನಡುವೆ ಮಚ್ಚೆ ಮೂಡಿಸುತ್ತದೆ. ಅದಕ್ಕೆ ಇಂಕನ್ನು ಬೈಯುವವರನ್ನು ಪ್ರತಿ ಜುಲೈಯಲ್ಲೂ ನೋಡುತ್ತೇನೆ.

ನೀವು ಕೇಳದ ಇನ್ನೊಂದು ವಿಷಯ ಇದೆ. ರಾಜ್ಯೋತ್ಸವ ಬಂದೊಡನೆ ಎಲ್ಲರಿಗೂ ಕನ್ನಡ ಅಕ್ಷರಗಳ ಮಗ್ ಬೇಕು. ಆಗ ಅಂಗಡಿಗಳಿಂದ ‘ಕನ್‌ನಡ’, ‘ಅಮ್‌ಮ’ ಎಂದು ಒತ್ತಕ್ಷರ ಒಡೆದ ಮಗ್‌ಗಳು ಹೊರಬರುತ್ತವೆ. ಕನ್ನಡಿಗರೇ ಕನ್ನಡದ ಹಬ್ಬಕ್ಕೆ ಇಂಥ ಮಗ್ ಮಾರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ತಿದ್ದುವುದು ಬಹಳ ಸುಲಭ. ಫೋಟೊಶಾಪ್‌ನ ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ, ಟೆಕ್ಸ್ಟ್ ಎಂಜಿನ್ ಎಂಬಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿರುವ ಆಯ್ಕೆಯನ್ನು ಒತ್ತಿ, ಹೊಸ ಫೈಲ್ ತೆರೆದು, ಯೂನಿಕೋಡ್ ಫಾಂಟ್‌ನಲ್ಲಿ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬಂದ ಬರಹವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಕಾಗದದ ಚಿತ್ರ ಮಗ್ ಮೇಲೆ ಎಡಬಲ ತಿರುಗಿ ಬೀಳುವುದರಿಂದ ಪ್ರಿಂಟನ್ನು ಮಿರರ್ ಮಾಡಿ, ಅಂದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ತೆಗೆಯಬೇಕು. ತಪ್ಪು ಕಣ್ತಪ್ಪಿಸುವುದು ಎಲ್ಲಿ ಎಂದರೆ, ಚಿತ್ರವನ್ನು ಹೀಗೆ ಮಿರರ್ ಮಾಡಿದ ಮೇಲೆ. ತಿರುಗಿದ ಅಕ್ಷರದಲ್ಲಿ ಅರ್ಕಾವೊತ್ತು ಬಿಟ್ಟುಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ತಿರುಗಿಸದ ಚಿತ್ರವನ್ನೇ ಗ್ರಾಹಕರಿಗೆ ಕಳುಹಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಫೈಲ್‌ನಲ್ಲಿ ಏನನ್ನೂ ತಿರುಗಿಸದೆ, ಪ್ರಿಂಟ್ ಕೊಡುವಾಗ ಪ್ರಿಂಟರ್ ಸೆಟ್ಟಿಂಗ್‌ನಲ್ಲೇ ಮಿರರ್ ಆಯ್ಕೆ ಹಾಕಿ.