ಕಲ್ಲಿನಂಥ ಟಯರು ಎಂಬ ಭ್ರಮೆ

ಶಿವಮೊಗ್ಗದಲ್ಲಿ ಯಾವ ಸೈಕಲ್ ಅಂಗಡಿಯ ಮುಂದೆ ನಿಂತರೂ ಗಾಳಿ ಹೊಡೆಸಿಕೊಂಡವರು ಮಾಡುವ ಕೊನೆಯ ಕೆಲಸ ಒಂದೇ ಆಗಿರುತ್ತದೆ. ಅವರು ಹೆಬ್ಬೆರಳಿನಿಂದ ಟಯರನ್ನು ಒತ್ತಿ, ಅದು ಒಂದಿಷ್ಟೂ ಬಗ್ಗಲಿಲ್ಲವೆಂದು ಖಾತ್ರಿಯಾದ ಮೇಲೆ ತೃಪ್ತಿಯಿಂದ ಹೊರಡುತ್ತಾರೆ. ಟಯರು ಎಷ್ಟು ಸಣ್ಣದೋ ಮತ್ತು ಎಷ್ಟು ಗಟ್ಟಿಯೋ ಸೈಕಲ್ಲು ಅಷ್ಟು ಹಗುರವಾಗಿ ಓಡುತ್ತದೆ ಎಂಬ ಈ ನಂಬಿಕೆಯನ್ನು ವೃತ್ತಿಪರ ಸ್ಪರ್ಧಿಗಳು ಕೂಡ ಬಹುಕಾಲ ಪಾಲಿಸಿದರು. ಅದು ಕುಸಿದುಬಿದ್ದಿರುವುದೇ, ನನ್ನ ದೃಷ್ಟಿಯಲ್ಲಿ, 2025ರ ಸೈಕಲ್ ತಂತ್ರಜ್ಞಾನದ ಅತ್ಯುತ್ತಮ ಸುದ್ದಿ. ಹದಿನೈದು ವರ್ಷಗಳ ಹಿಂದೆ 23 ಮಿ.ಮೀ. ಅಗಲದ ಟಯರಿನಲ್ಲಿ ಓಡುತ್ತಿದ್ದ ಯೂರೋಪಿನ ರಸ್ತೆ ಸ್ಪರ್ಧಿಗಳು ಈಗ 28ರಿಂದ 30 ಮಿ.ಮೀ.ಗೆ ಬಂದಿದ್ದಾರೆ, ಕಲ್ಲುಹಾಸಿನ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಂತೂ 30ನ್ನು ದಾಟಿದ ಟಯರುಗಳೇ ರೂಢಿಯಾಗಿವೆ. ಒಂದು ಕಾಲದಲ್ಲಿ ನಮ್ಮೂರಿನ ಹಾಲಿನವರು ಎರಡು ಕ್ಯಾನು ತೂಗುಹಾಕಿಕೊಂಡು ಬರುತ್ತಿದ್ದ, ಬ್ರೇಕಿಗೂ ಕಬ್ಬಿಣದ ಸರಳೇ ಇದ್ದ ಆ ಕಪ್ಪು ಸೈಕಲ್ಲಿನ ಟಯರು ಒಂದೂವರೆ ಇಂಚು, ಅಂದರೆ ಸುಮಾರು 38 ಮಿ.ಮೀ. ಅಗಲವಿತ್ತೆಂಬುದನ್ನು ಇಲ್ಲಿ ನೆನಪಿಸದಿರಲಾರೆ.

ಅಗಲ ಟಯರು ನೆಲಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ, ಆದ್ದರಿಂದ ಹೆಚ್ಚು ಎಳೆಯುತ್ತದೆ ಎಂದು ವಾದಿಸುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರವಿದ್ದು ಟಯರಿನೊಳಗೆ 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡವಿದ್ದರೆ, ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ 7 ಚದರ ಸೆಂಟಿಮೀಟರ್. ಭಾರವನ್ನು ಒತ್ತಡದಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ. ಅದರಲ್ಲಿ ಟಯರಿನ ಅಗಲಕ್ಕೆ ಸ್ಥಾನವೇ ಇಲ್ಲ. ಬದಲಾಗುವುದು ಆ ಜಾಗದ ಆಕಾರ ಮಾತ್ರ. ಒಂದೇ ಗಾತ್ರದ ಹಿಟ್ಟಿನ ಉಂಡೆಯನ್ನು ದುಂಡಗೆ ತಟ್ಟಿದರೂ ಉದ್ದುದ್ದಕ್ಕೆ ತಟ್ಟಿದರೂ ಅಕ್ಕಿರೊಟ್ಟಿ ಅಷ್ಟೇ ಇರುವಂತೆ, ಅಗಲ ಟಯರಿನ ಅಚ್ಚು ಗಿಡ್ಡವಾಗಿ ದುಂಡಗೂ ಸಣ್ಣ ಟಯರಿನ ಅಚ್ಚು ಉದ್ದವಾಗಿ ಕಿರಿದಾಗಿಯೂ ಮೂಡುತ್ತದೆ. ಉದ್ದದ ಅಚ್ಚಿಗಾಗಿ ಟಯರು ಹೆಚ್ಚು ತಗ್ಗಬೇಕಾಗುತ್ತದೆ. ತಗ್ಗಿದ ರಬ್ಬರು ಮತ್ತೆ ಮೇಲೇಳುವಾಗ, ಪಡೆದ ಶಕ್ತಿಯಷ್ಟನ್ನೂ ಹಿಂದಿರುಗಿಸದೆ ಒಂದಿಷ್ಟನ್ನು ಶಾಖವಾಗಿ ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಅದು ಅಸಲನ್ನೂ ಪೂರ್ತಿ ತೀರಿಸದ ಸಾಲಗಾರ. ಹೀಗಾಗಿ ಒತ್ತಡ ಸಮವಾಗಿದ್ದರೆ ಗೆಲ್ಲುವುದು ಅಗಲ ಟಯರೇ.

ಆದರೆ ಒತ್ತಡವನ್ನು ಸಮವಾಗಿಡುವ ಅಗತ್ಯವೇ ಇಲ್ಲವೆಂಬಲ್ಲಿ ಈ ವಿಚಾರದ ನಿಜವಾದ ಸೊಗಸಿದೆ. ಟಯರಿನ ಒಡಲಿನ ಮೇಲೆ ಬೀಳುವ ಸೆಳೆತವು ಒತ್ತಡ ಮತ್ತು ಅಗಲ ಎರಡರ ಗುಣಲಬ್ಧವನ್ನು ಅನುಸರಿಸುತ್ತದೆ. 25 ಮಿ.ಮೀ. ಟಯರು 100 ಪಿಎಸ್‌ಐಯಲ್ಲಿ ಎಷ್ಟು ಬಿಗಿಯಾಗಿರುತ್ತದೆಯೋ 40 ಮಿ.ಮೀ. ಟಯರು ಸುಮಾರು 62 ಪಿಎಸ್‌ಐಯಲ್ಲೇ ಅಷ್ಟು ಬಿಗಿಯಾಗುತ್ತದೆ. ಹೆಬ್ಬೆರಳಿಗೆ ಸಿಗುವುದು ಬಹುಪಾಲು ಈ ಬಿಗಿ. ಒತ್ತಡ ಎಷ್ಟಿದೆಯೆಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಇನ್ನು ರಸ್ತೆಯ ಮಾತು. ಪ್ರಯೋಗಾಲಯದ ನುಣುಪಾದ ಉಕ್ಕಿನ ಉರುಳೆಯ ಮೇಲೆ ಗಟ್ಟಿ ಟಯರು ಚೆನ್ನಾಗಿಯೇ ಓಡುತ್ತದೆ, ಮತ್ತು ತಪ್ಪು ತಿಳಿವಳಿಕೆ ಬೇರೂರಿದ್ದಕ್ಕೆ ಈ ಉರುಳೆಯೂ ಒಂದು ಕಾರಣ. ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋದವರಿಗೆ ಉಕ್ಕಿನ ಉರುಳೆಗೂ ನಮ್ಮ ಡಾಂಬರಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಜಲ್ಲಿಯೊಂದು ಎದುರಾದಾಗ ಗಟ್ಟಿ ಟಯರು, ಕಬ್ಬಿಣದ ಪಟ್ಟಿಯ ಎತ್ತಿನ ಗಾಡಿಯಂತೆ, ಇಡೀ ಭಾರವನ್ನು ಎತ್ತಿ ಕೆಳಗೆ ಕುಕ್ಕುತ್ತದೆ. ಮೆತ್ತಗಿನ ಟಯರು ಆ ಜಲ್ಲಿಯನ್ನು ತನ್ನೊಳಗೆ ನುಂಗಿ ಮುಂದೆ ಸಾಗುತ್ತದೆ. ತುಂಬಿದ ಕೊಡ ಹೊತ್ತವರು ಮೊಣಕಾಲನ್ನು ಸಡಿಲಬಿಟ್ಟು ನಡೆಯುವುದು ಇದೇ ಕಾರಣಕ್ಕೆ; ಕಾಲನ್ನು ಕೋಲಿನಂತೆ ನೆಟ್ಟಗಿಟ್ಟು ನಡೆದರೆ ನೀರು ತುಳುಕುತ್ತದೆ. ಇನ್ನೂ ನಿಖರವಾಗಿ ಹೇಳಬೇಕೆಂದರೆ, ಗಟ್ಟಿ ಟಯರಿನ ಮೇಲೆ ಕುಳಿತ ಸವಾರನ ಮೈಯೇ ಮೊಸರಿನ ಗಡಿಗೆ, ಕಡೆಗೋಲು ತಿರುಗಿಸುವವನೂ ಅವನೇ. ಮಾಂಸಖಂಡಗಳು ಅಲುಗಾಡಿ ಶಾಖವಾಗಿ ವ್ಯರ್ಥವಾಗುವ ಶಕ್ತಿ ಅವನ ಕಾಲಿನಿಂದಲೇ ಬರಬೇಕು. ಅಮೆರಿಕದಲ್ಲಿ ಸೈಕಲ್ ಪತ್ರಿಕೆಯೊಂದರ ಸಂಪಾದಕ ಯಾನ್ ಹೈನ ಮತ್ತು ಸಂಗಡಿಗರು ಹೆದ್ದಾರಿಯಂಚಿನ ಉಬ್ಬುಪಟ್ಟಿಗಳ ಮೇಲೆ ಸೈಕಲ್ ಓಡಿಸಿ ಅಳೆದಾಗ ಕಂಡದ್ದು ಈ ನಷ್ಟವನ್ನೇ. ಅದು ಯಾರೂ ಊಹಿಸದಷ್ಟು ದೊಡ್ಡದಾಗಿತ್ತು.

ಯಾರೂ ಊಹಿಸಿರಲಿಲ್ಲವೆಂದರೆ ತಪ್ಪಾದೀತು. ಗಾಳಿ ಟಯರು ಹುಟ್ಟಿದ್ದೇ ಈ ತಿಳಿವಿನಿಂದ. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ 1887ರಲ್ಲಿ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮರದ ತಟ್ಟೆಯೊಂದರ ಸುತ್ತ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಬಟ್ಟೆಯಿಂದ ಬಿಗಿದು ಕಟ್ಟಿದ. ಬಳಿಕ ಆ ತಟ್ಟೆಯನ್ನೂ ಸೈಕಲ್ಲಿನ ಹಳೆಯ ಗಟ್ಟಿ ಚಕ್ರವನ್ನೂ ಅಂಗಳದಲ್ಲಿ ಉರುಳಿಬಿಟ್ಟ. ಗಟ್ಟಿ ಚಕ್ರ ಅಂಗಳ ಮುಗಿಯುವ ಮೊದಲೇ ಬಿತ್ತು. ಗಾಳಿಯದು ಅಂಗಳ ದಾಟಿ ಗೇಟಿಗೆ ಬಡಿಯಿತು. 1888ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. ಆದರೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲೇ ಕುದುರೆ ಗಾಡಿಗಳಿಗಾಗಿ ಇಂಥದೇ ಟಯರಿನ ಹಕ್ಕು ಪಡೆದಿದ್ದನೆಂದು ತಿಳಿದಾಗ ಡನ್ಲಪ್‌ನ ಪೇಟೆಂಟ್ ಅಸಿಂಧುವಾಯಿತು. 1889ರಲ್ಲಿ ವಿಲಿ ಹ್ಯೂಮ್ ಎಂಬ ಸವಾರ ಈ ಗಾಳಿ ಟಯರು ಹಾಕಿಕೊಂಡು ಬೆಲ್‌ಫಾಸ್ಟಿನ ಸ್ಪರ್ಧೆಗಳಲ್ಲಿ ಗಟ್ಟಿ ರಬ್ಬರಿನವರನ್ನೆಲ್ಲ ಸೋಲಿಸಿದ. ಅಷ್ಟನ್ನು ಕಂಡಮೇಲೂ ಜಗತ್ತು ಮತ್ತೆ ಟಯರನ್ನು ಕಿರಿದುಗೊಳಿಸಿ, ಅದರೊಳಗೆ ಗಾಳಿಯನ್ನೇ ಕಲ್ಲಾಗುವಂತೆ ತುರುಕಿತಲ್ಲ, ಅದು ನನಗೆ ಇಂದಿಗೂ ಸೋಜಿಗ.

ಮಲೆನಾಡಿಗೆ ಒಪ್ಪುವ ಇನ್ನೊಂದು ಒಳ್ಳೆಯ ಬೆಳವಣಿಗೆ ಡಿಸ್ಕ್ ಬ್ರೇಕು ಸಾಮಾನ್ಯ ಸೈಕಲ್ಲಿಗೂ ಇಳಿದುಬಂದಿರುವುದು. ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ಇದ್ದರೆ, ಘಾಟಿಯಲ್ಲಿ 100 ಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 88 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಕಾಲು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ನಿಧಾನವಾಗಿ ಇಳಿಯುವವನ ಬ್ರೇಕು ಅದರ ಬಹುಭಾಗವನ್ನು ಶಾಖವಾಗಿಸಬೇಕು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ 14 ತಿರುವುಗಳಲ್ಲಿ, ಕೆಸರು ನೀರು ಮೆತ್ತಿದ ರಿಮ್ಮನ್ನು ಒತ್ತುವ ರಬ್ಬರು ಕಟ್ಟೆ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಜೊತೆಗೆ ಮರಳು ರಿಮ್ಮನ್ನೇ ಸವೆಸುತ್ತದೆ. ಡಿಸ್ಕು ಚಕ್ರದ ನಡುವಿನಲ್ಲಿ, ಕೆಸರಿನಿಂದ ಮೇಲೆ ಇರುತ್ತದೆ. ರಿಮ್ಮಿನ ಎರಡೂ ಬದಿಗಳನ್ನು ತಬ್ಬಿ ಹಿಡಿಯುತ್ತಿದ್ದ ಬ್ರೇಕು ತೊಲಗಿದ್ದರಿಂದಲೇ ಅಗಲ ಟಯರಿಗೂ ಜಾಗ ಸಿಕ್ಕಿತು.

ಕೆಟ್ಟವುಗಳ ಪೈಕಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು ಕೇಬಲ್‌ಗಳನ್ನೆಲ್ಲ ಹ್ಯಾಂಡಲ್ಲಿನ ಬೇರಿಂಗಿನ ಮೂಲಕ ಫ್ರೇಮಿನೊಳಗೆ ತೂರಿಸುವ ಹುಚ್ಚು. ಗಾಳಿಯ ತಡೆ ತುಸು ಕಡಿಮೆಯಾಗುವುದು ನಿಜ. ಆದರೆ ನಮ್ಮ ಮಳೆಯಲ್ಲಿ ಬೇಗ ತುಕ್ಕು ಹಿಡಿಯುವ ಒಂದು ಬೇರಿಂಗು ಬದಲಿಸಲು ಬ್ರೇಕಿನ ಕೊಳವೆಯನ್ನೇ ಕಳಚಬೇಕಾದ ಸೈಕಲ್ಲನ್ನು ಹೊಸನಗರದಲ್ಲೋ ಕೊಪ್ಪದಲ್ಲೋ ಯಾರು ಬಿಚ್ಚಬೇಕು? ತಂತಿಯಿಲ್ಲದ ಗೇರುಗಳದು ಬೇರೆ ಕಥೆ. ಶಿಮಾನೊ ಕಂಪನಿಯ ಅಂಥ ಗೇರುಗಳ ರೇಡಿಯೋ ಸಂಕೇತವನ್ನು ಕದ್ದು ದಾಖಲಿಸಿ ಮರುಪ್ರಸಾರ ಮಾಡಿದರೆ ಇನ್ನೊಬ್ಬರ ಗೇರನ್ನು ದೂರದಿಂದಲೇ ಬದಲಿಸಬಹುದೆಂದು ಅಮೆರಿಕದ ಸಂಶೋಧಕರು 2024ರಲ್ಲಿ ತೋರಿಸಿದರು. ಕಂಪನಿ ತಂತ್ರಾಂಶ ತಿದ್ದಿಕೊಟ್ಟಿತು. ಗೇರು ಹಾಕಲು ತಂತ್ರಾಂಶ ತಿದ್ದಬೇಕಾದ ಕಾಲ ಬಂದದ್ದನ್ನು ಪ್ರಗತಿಯೆನ್ನಲು ನನಗೆ ಮನಸ್ಸಿಲ್ಲ. 2025ರಲ್ಲಿ ಸದ್ದು ಮಾಡಿದ 32 ಇಂಚಿನ ಚಕ್ರಕ್ಕೆ ಹಳ್ಳಿಯಲ್ಲಿ ಟ್ಯೂಬು ಎಲ್ಲಿ ಸಿಗುತ್ತದೆಂಬ ಪ್ರಶ್ನೆಯೊಂದೇ ಸಾಕು.

ನಮ್ಮ ಮಕ್ಕಳನ್ನು ನೇರವಾಗಿ ವಂಚಿಸುವುದು ಮಾತ್ರ ಅಗ್ಗದ ‘ಡಬಲ್ ಸಸ್ಪೆನ್ಷನ್’. ಆ ಸೈಕಲ್ಲುಗಳಲ್ಲಿ ಇರುವುದು ಬರಿಯ ಸ್ಪ್ರಿಂಗು. ಅದರ ಕುಣಿತವನ್ನು ತಡೆಯುವ ಎಣ್ಣೆಯ ಕೊಳವೆ ಇರುವುದಿಲ್ಲ. ಏರಿನಲ್ಲಿ ಪೆಡಲು ತುಳಿದಾಗಲೆಲ್ಲ ಸ್ಪ್ರಿಂಗು ಕುಗ್ಗುತ್ತದೆ, ಮಗುವಿನ ಶ್ರಮದ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ, ತೂಕವೂ ಹೆಚ್ಚು. ಅದೇ ಹಣಕ್ಕೆ ಸ್ಪ್ರಿಂಗಿಲ್ಲದ, 40 ಮಿ.ಮೀ. ಆಸುಪಾಸಿನ ಟಯರಿನ ಸೈಕಲ್ಲು ಕೊಂಡು, 70 ಕಿಲೋ ತೂಗುವವರಾದರೆ 45ರಿಂದ 50 ಪಿಎಸ್‌ಐ ಗಾಳಿ ಹಾಕಿಸಿದರೆ ಸಸ್ಪೆನ್ಷನ್ನಿನ ಕೆಲಸವನ್ನು ಗಾಳಿಯೇ ಮಾಡುತ್ತದೆ. ಕೊಳ್ಳುವ ಮುನ್ನ ಟಯರಿಗೂ ಫ್ರೇಮಿಗೂ ನಡುವೆ ಕಿರುಬೆರಳು ಸರಾಗವಾಗಿ ತೂರುತ್ತದೆಯೇ ಎಂದು ನೋಡಬೇಕು; ತೂರದಿದ್ದರೆ ತೋಟದ ದಾರಿಯ ಕೆಂಪು ಮಣ್ಣು ಆಷಾಢದಲ್ಲಿ ಅಲ್ಲೇ ಕಟ್ಟಿಕೊಂಡು ಚಕ್ರವನ್ನು ನಿಲ್ಲಿಸುತ್ತದೆ.