ಯಾವ ಮೂವತ್ತು ಸಾವಿರ ಎಂದು ಕೇಳಿದ್ದಿರಾ?

ತಿಂಗಳ ಏಳನೆಯ ತಾರೀಖು ದಾಟಿತೆಂದರೆ ಹೊಸದಾಗಿ ನೌಕರಿಗೆ ಸೇರಿದ ಒಬ್ಬಿಬ್ಬರಾದರೂ ನನ್ನ ಕಚೇರಿಗೆ ಬರುತ್ತಾರೆ. “ಮೂವತ್ತು ಸಾವಿರ ಎಂದಿದ್ದರು ಸರ್, ಇಪ್ಪತ್ತಮೂರು ಸಾವಿರದ ಚಿಲ್ಲರೆ ಜಮೆಯಾಗಿದೆ. ಇದನ್ನು ಎಲ್ಲಿ ದೂರಬೇಕು?” ದೂರಿನ ಮಾತು ಆಮೇಲೆ. ಸೇರುವ ಮುಂಚೆ ಅದು ಯಾವ ಮೂವತ್ತು ಸಾವಿರ ಎಂದು ಕೇಳಿದ್ದಿರಾ ಎಂದರೆ ಎಲ್ಲರದೂ ಒಂದೇ ಉತ್ತರ: “ಅದನ್ನೆಲ್ಲ ಹೇಗೆ ಕೇಳುವುದು ಸರ್?”

ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಸಿವುಡು ಮೆಂತ್ಯಪಲ್ಲೆಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ವಾದ ಮಾಡುವವರು, ವರ್ಷಗಟ್ಟಲೆ ದುಡಿಯಲಿರುವ ಜಾಗದಲ್ಲಿ ಪಗಾರದ ಬಗ್ಗೆ ಒಂದು ಪ್ರಶ್ನೆ ಕೇಳಲು ನಾಚುತ್ತಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕಡೆಯ ಸಣ್ಣ ಕಾರ್ಖಾನೆಗಳಿಗೆ, ಒಂದಿಷ್ಟು ಶೋರೂಮ್‌ಗಳಿಗೆ ಪಗಾರದ ಲೆಕ್ಕ ಮತ್ತು ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕೆಲಸ ಮಾಡಿಕೊಡುವುದು ನನ್ನ ವೃತ್ತಿ. ನನಗೆ ಫೀಸು ಕೊಡುವವರು ಮಾಲೀಕರು, ನೌಕರರಲ್ಲ. ಆದ್ದರಿಂದ ಇದನ್ನು ನೌಕರರನ್ನು ಎತ್ತಿಕಟ್ಟುವ ಬರಹ ಎಂದು ಯಾರೂ ತಿಳಿಯಬೇಕಾಗಿಲ್ಲ. ಸೇರಿದ ಮರುತಿಂಗಳೇ ಮುನಿಸಿಕೊಂಡು ಹೋಗುವ ಹುಡುಗನಿಂದ ಮಾಲೀಕರಿಗೂ ನಷ್ಟವೇ.

ಕೇಳಲು ಹಿಂಜರಿಯುವುದು ಏಕೆಂದು ನನಗೆ ಗೊತ್ತಿಲ್ಲದೆ ಇಲ್ಲ. ನಮ್ಮ ಕಡೆ ಅರ್ಧಕ್ಕರ್ಧ ನೌಕರಿಗಳು ಪರಿಚಯದಿಂದ ಸಿಗುತ್ತವೆ. ಸೋದರಮಾವ ಫೋನ್ ಮಾಡಿರುತ್ತಾನೆ, ಇಲ್ಲವೇ ಸಮಾಜದ ಹಿರಿಯರೊಬ್ಬರು ಶಿಫಾರಸು ಮಾಡಿರುತ್ತಾರೆ. ಸಂದರ್ಶನದ ದಿನ ತಂದೆಯೂ ಜೊತೆಗೆ ಬಂದು, ಕೈಮುಗಿದು, “ನಿಮ್ಮ ಮಗನೆಂದೇ ತಿಳಿದು ಇಟ್ಟುಕೊಳ್ಳಿ” ಎಂದುಬಿಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಮೂಲವೇತನ ಎಷ್ಟು ಎಂದು ಕೇಳಲು ಆ ಮಗನಿಗೆ ಬಾಯಿ ಬರುವುದಾದರೂ ಹೇಗೆ? ಆ ತಂದೆಯರ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ಪಗಾರದ ಮಾತಿಗೆ ಮಾವನನ್ನು ನಡುವೆ ತರಬೇಡಿ. ಮಾವನಿಗೆ ಗೊತ್ತಿರುವುದು ಮಾಲೀಕರ ಊರು ಮತ್ತು ಮನೆತನ. ಮೂವತ್ತು ಸಾವಿರದೊಳಗೆ ಏನೇನು ಸೇರಿದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ಈಗ ಆ ಮೂವತ್ತು ಸಾವಿರವನ್ನು ಬಿಡಿಸಿ ನೋಡೋಣ. ‘ವರ್ಷಕ್ಕೆ 3,60,000 ಪ್ಯಾಕೇಜ್’ ಎಂದು ಕಾಗದದಲ್ಲಿರುತ್ತದೆ. ಹುಡುಗರು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಎಂದು ಮನೆಯಲ್ಲಿ ಹೇಳಿಬಿಡುತ್ತಾರೆ. ಅದು ಸಿ.ಟಿ.ಸಿ., ಅಂದರೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಸಂಸ್ಥೆಗೆ ತಗಲುವ ಒಟ್ಟು ಖರ್ಚು. ಭತ್ಯೆಗಳನ್ನು ಬಿಟ್ಟು ಮೂಲವೇತನ 15,000 ಎಂದಿಟ್ಟುಕೊಳ್ಳಿ. ಅದರ ಶೇ. 12ರಂತೆ ಸಂಸ್ಥೆಯ ಪಿ.ಎಫ್. ಪಾಲು 1,800, ಗ್ರಾಚ್ಯುಟಿಗೆಂದು (ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಹಣ) 721, ವರ್ಷಕ್ಕೊಮ್ಮೆ ಕೊಡುವ ಬೋನಸ್‌ನ ತಿಂಗಳ ಪಾಲು 1,250, ಆರೋಗ್ಯ ವಿಮೆಯ ಕಂತು 500. ಇವಿಷ್ಟೂ ಆ ಮೂವತ್ತು ಸಾವಿರದೊಳಗೇ ಇವೆ. ಒಟ್ಟು 4,271 ಕಳೆದರೆ ಪಗಾರ ಚೀಟಿಯ ಮೇಲ್ಭಾಗದಲ್ಲಿ ಕಾಣುವುದು 25,729. ಅದರಲ್ಲಿ ನಿಮ್ಮ ಪಾಲಿನ ಪಿ.ಎಫ್. 1,800 ಮತ್ತು ವೃತ್ತಿ ತೆರಿಗೆ 200 ಕಡಿತವಾಗಿ ಬ್ಯಾಂಕಿಗೆ ಬರುವುದು 23,729. ಲೆಕ್ಕ ಸರಳವಾಗಲೆಂದು ಇ.ಎಸ್.ಐ. ಬದಿಗಿಟ್ಟಿದ್ದೇನೆ. ಅದು ಅನ್ವಯಿಸುವ ಕಡೆ ನಿಮ್ಮಿಂದ ಶೇ. 0.75, ಸಂಸ್ಥೆಯಿಂದ ಶೇ. 3.25 ಹೋಗುತ್ತದೆ.

ಇಲ್ಲಿ ಯಾರೂ ಕದ್ದಿಲ್ಲ. ಆದರೆ ಯಾರೂ ಬಿಡಿಸಿ ಹೇಳಿಯೂ ಇಲ್ಲ.

ಎಷ್ಟು ಹೇಳಿದರೂ ತಲೆಗೆ ಹೋಗದ ಸಂಗತಿ ಪಿ.ಎಫ್.ನದು. ಅಣ್ಣಿಗೇರಿ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಬಂದಿದ್ದ. “ಸರ್, ನನಗೆ ಎರಡು ಸಲ ಪಿ.ಎಫ್. ಕತ್ತರಿಸಿದ್ದಾರೆ, ಒಂದು ನನ್ನದು, ಇನ್ನೊಂದು ಅವರದು. ಅವರದನ್ನು ನಾನೇಕೆ ಕಟ್ಟಬೇಕು?” ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ಮಾತ್ರ ಅವನು ತಿಳಿದಷ್ಟು ಸುಲಭವಿರಲಿಲ್ಲ. 1952ರ ಪಿ.ಎಫ್. ಯೋಜನೆಯ ನಿಯಮದಂತೆ ಮಾಲೀಕರು ತಮ್ಮ ಪಾಲನ್ನು ನೌಕರನ ವೇತನದಿಂದ ಕತ್ತರಿಸುವಂತಿಲ್ಲ. ನಿಮ್ಮ ವೇತನ 30,000 ಎಂದು ಒಪ್ಪಿಕೊಂಡು, ಆಮೇಲೆ ಅದರಿಂದ ಎರಡೂ ಪಾಲು ತೆಗೆದರೆ ಅದು ತಪ್ಪು. ಅದೇ ಸಂಸ್ಥೆ ಮೊದಲಿಗೇ ‘ನಮಗೆ ತಗಲುವ ಒಟ್ಟು ಖರ್ಚು 30,000, ಅದರಲ್ಲಿ ನಮ್ಮ ಪಿ.ಎಫ್. ಪಾಲೂ ಸೇರಿದೆ’ ಎಂದು ಬರೆದುಕೊಟ್ಟಿದ್ದರೆ, ನಿಮ್ಮ ವೇತನ ಎಂದೂ 30,000 ಆಗಿರಲೇ ಇಲ್ಲ. ಕತ್ತರಿಸಿದ್ದು ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಬ್ಯಾಂಕಿಗೆ ಬರುವ ಮೊತ್ತ ಹೆಚ್ಚುಕಡಿಮೆ ಒಂದೇ ಇರಬಹುದು. ಒಂದು ನಿಯಮಬಾಹಿರ, ಇನ್ನೊಂದು ಎಲ್ಲೆಡೆ ನಡೆದುಬಂದ ಪದ್ಧತಿ. ಇವೆರಡರಲ್ಲಿ ನಿಮ್ಮದು ಯಾವುದು ಎಂದು ತೀರ್ಮಾನಿಸುವುದು ಸೇರುವ ಮುಂಚಿನ ಒಂದು ಪ್ರಶ್ನೆ ಮತ್ತು ಅದಕ್ಕೆ ಸಿಕ್ಕ ಉತ್ತರ.

“ತಮ್ಮಾ, ಅವರು ಏನೆಂದು ಹೇಳಿದ್ದರು?” ಎಂದೆ. “ಮೂವತ್ತು ಎಂದು ಹೇಳಿದ್ದರು.” “ಮೂವತ್ತು ಏನು?” ಅವನು ಸುಮ್ಮನಾದ. ನಾನು ಅಲ್ಲಿ ಕೂತು ಯಾವ ಅಭಿಪ್ರಾಯ ಕೊಡಲಿ? ಕಾಗದವಿಲ್ಲದ ಪ್ರಕರಣದಲ್ಲಿ ‘ನಿನ್ನದೇ ಸರಿ’ ಎನ್ನುವ ಸಲಹೆಗಾರರನ್ನು ನಂಬಬೇಡಿ.

ಇನ್ನೊಂದು ಗಾಬರಿಯನ್ನೂ ಇಲ್ಲೇ ಕಳೆದುಬಿಡುತ್ತೇನೆ. ಪಿ.ಎಫ್. ಪಾಸ್‌ಬುಕ್ ತೆರೆದು ನೋಡಿ, “ನನ್ನದು 1,800 ಇದೆ, ಅವರದು 550 ಮಾತ್ರ ಬಂದಿದೆ” ಎಂದು ನವನಗರದ ಪಿ.ಎಫ್. ಕಚೇರಿಯವರೆಗೂ ಹೋಗಿಬರುವವರಿದ್ದಾರೆ. ಸಂಸ್ಥೆಯ ಶೇ. 12ರಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ. 15,000ದ ಮೇಲೆ ಅದು 1,250. ಪಕ್ಕದ ಅಂಕಣದಲ್ಲಿಯೇ ಇರುತ್ತದೆ, ನೋಡಿ.

ಕೆಲವು ಕಡೆ ಒಂದು ಭಾಗ ಬ್ಯಾಂಕಿಗೆ, ಉಳಿದದ್ದು ಕವರಿನಲ್ಲಿ ನಗದಾಗಿ ಕೊಡುವ ಪದ್ಧತಿ ಇದೆ. ಕೈಗೆ ಹೆಚ್ಚು ಬಂತೆಂದು ಹುಡುಗರು ಖುಷಿಪಡುತ್ತಾರೆ. ಬ್ಯಾಂಕಿನಲ್ಲಿ ಸಾಲ ಕೇಳುವ ದಿನ ಕವರಿನ ಹಣಕ್ಕೆ ಪುರಾವೆ ಇರುವುದಿಲ್ಲ, ಮುಂದಿನ ಸಂಸ್ಥೆಯೂ ಅದನ್ನು ಹಿಂದಿನ ಪಗಾರವೆಂದು ಒಪ್ಪುವುದಿಲ್ಲ. ಇದರ ಬಗ್ಗೆ ಹೆಚ್ಚು ಬರೆದರೆ ನನ್ನ ಕೆಲವು ಗ್ರಾಹಕರೇ ಫೋನ್ ಮಾಡುತ್ತಾರೆ, ಇಷ್ಟಕ್ಕೇ ಬಿಡುತ್ತೇನೆ.

ಯಾವಾಗ ಕೇಳಬೇಕು? ಸಂದರ್ಶನಕ್ಕೆ ಹೋದ ಕೂಡಲೇ ಬೇಡ. ‘ನಿಮ್ಮನ್ನು ತೆಗೆದುಕೊಳ್ಳುತ್ತೇವೆ’ ಎಂದು ಹೇಳಿದ ಮೇಲೆ, ನೀವು ಒಪ್ಪಿಕೊಳ್ಳುವ ಮುಂಚೆ. ಮುಖ್ಯವಾಗಿ, ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ. ಕೊಟ್ಟ ಮೇಲೆ ನೀವು ಏನು ಕೇಳಿದರೂ ಅದಕ್ಕೆ ಬಲವಿಲ್ಲ. ಎದುರಿಗೆ ಕೂತು ಕೇಳಲು ಸಂಕೋಚವಾದರೆ ಬರೆದು ಕೇಳಿ, ವಾಟ್ಸಾಪ್‌ ಸಾಕು: “ಸರ್, ಕೆಲಸಕ್ಕೆ ಆಯ್ಕೆ ಮಾಡಿದ್ದಕ್ಕೆ ಧನ್ಯವಾದಗಳು. ಹೇಳಿರುವ ಮೊತ್ತದಲ್ಲಿ ಮೂಲವೇತನ ಎಷ್ಟು, ಸಂಸ್ಥೆಯ ಪಿ.ಎಫ್. ಪಾಲು ಅದರೊಳಗೇ ಸೇರಿದೆಯೇ, ಎಲ್ಲ ಕಡಿತಗಳಾದ ಮೇಲೆ ತಿಂಗಳಿಗೆ ಬ್ಯಾಂಕಿಗೆ ಎಷ್ಟು ಜಮೆಯಾಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.” ಇದರಲ್ಲಿ ಉದ್ಧಟತನ ಎಲ್ಲಿದೆ?

ಇಂಥದೇ ಸಂದೇಶವನ್ನು ಶಿಗ್ಗಾವಿಯ ಹೆಣ್ಣುಮಗಳೊಬ್ಬಳು ಕಳಿಸಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಒಂದು ಸಂಸ್ಥೆಗೆ ಲೆಕ್ಕಪತ್ರ ನೋಡಿಕೊಳ್ಳುವವರು ಬೇಕಾಗಿದ್ದರು. ಮಾಲೀಕರು ಅದನ್ನು ನನಗೆ ಕಳಿಸಿ, “ಇನ್ನೂ ಬಂದೇ ಇಲ್ಲ, ಆಗಲೇ ಇಷ್ಟು ಪ್ರಶ್ನೆ” ಎಂದು ಸಿಡುಕಿದರು. ಲೆಕ್ಕ ಕೇಳದವರನ್ನು ಲೆಕ್ಕಕ್ಕೆ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ನಾನು ಒಂದು ಹಾಳೆಯಲ್ಲಿ ವಿವರ ಬರೆದು ಕಳಿಸಿದೆ. ಆಕೆ ನೋಡಿ, ದಿನದ ಬಸ್ಸಿನ ಖರ್ಚು ಕಳೆದರೆ ತನಗೆ ಗಿಟ್ಟುವುದಿಲ್ಲ ಎಂದು ಸೇರಲೇ ಇಲ್ಲ. ಮಾಲೀಕರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಆದರೆ ಆ ಹಾಳೆಯ ನಕಲನ್ನು ಈಗ ಹೊಸಬರಿಗೆಲ್ಲ ಅವರೇ ಕೊಡುತ್ತಿದ್ದಾರೆ.

ಕಾನೂನೂ ಈಗ ಈ ದಿಕ್ಕಿನಲ್ಲೇ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೌಕರನಿಗೆ ನೇಮಕಪತ್ರ ಕೊಡಬೇಕು ಎನ್ನುತ್ತವೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ದಾಟಿದರೆ, ದಾಟಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಇದರಿಂದ ಪಿ.ಎಫ್., ಗ್ರಾಚ್ಯುಟಿ ಲೆಕ್ಕ ಕೆಲವರಿಗೆ ಬದಲಾಗಬಹುದು. ನಿಮ್ಮ ಸಂಸ್ಥೆಗೆ ಯಾವುದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಕಾಗದಪತ್ರ ನೋಡದೆ ನಾನು ಹೇಳಲಾರೆ.

ಬರೆದು ಕೊಡಲು ಒಪ್ಪದ ಮಾಲೀಕರೂ ಇದ್ದಾರೆ. “ನಮ್ಮ ಮಾತೇ ಕಾಗದ” ಎನ್ನುತ್ತಾರೆ. ನೌಕರಿ ತೀರ ಅಗತ್ಯವಿದ್ದರೆ ಸೇರಬೇಡಿ ಎಂದು ನಾನು ಹೇಳುವುದಿಲ್ಲ. ಮನೆಯ ಪರಿಸ್ಥಿತಿ ನಿಮಗೇ ಗೊತ್ತು. ಅಂಥಲ್ಲಿ ಅವರು ಬಾಯಲ್ಲಿ ಹೇಳಿದ್ದನ್ನು ನೀವೇ ಬರೆದು, ಸೇರುವ ಹಿಂದಿನ ದಿನ ಅವರ ಮೊಬೈಲಿಗೆ ಕಳಿಸಿ: “ಸರ್, ನೀವು ಹೇಳಿದಂತೆ ತಿಂಗಳಿಗೆ ಇಷ್ಟು ಬ್ಯಾಂಕಿಗೆ ಜಮೆ, ಪಿ.ಎಫ್. ಪ್ರತ್ಯೇಕ ಎಂದು ತಿಳಿದುಕೊಂಡು ನಾಳೆಯಿಂದ ಕೆಲಸಕ್ಕೆ ಬರುತ್ತೇನೆ.” ತಪ್ಪಿದ್ದರೆ ಅವರು ಅಂದೇ ತಿದ್ದುತ್ತಾರೆ. ಬಹುಪಾಲು ಮಂದಿ ‘ಸರಿ’ ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ, ನನಗೆ ಅಷ್ಟಿದ್ದರೂ ಸಾಕು. ಮತ್ತೆ, ಅದೇ ದಿನ ಮೂಲ ಅಂಕಪಟ್ಟಿಗಳನ್ನು ಕೇಳಿದರೆ ತೋರಿಸಿ, ಜೆರಾಕ್ಸ್ ಕೊಡಿ, ಮೂಲಪ್ರತಿಗಳನ್ನು ಅಲ್ಲಿ ಬಿಟ್ಟು ಬರಬೇಡಿ.