ಇಸಿಯಲ್ಲಿ ತಕರಾರಿಲ್ಲದ ಜಮೀನಿಗೆ ಮುಂಗಡ ಕೊಡಬಹುದೇ?

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನಲ್ಲಿ ಎರಡು ಎಕರೆ ಖುಷ್ಕಿ ಜಮೀನು ನೋಡಿದ್ದೇವೆ. ಮಾರುವವರು 20 ವರ್ಷಗಳ ಹಿಂದೆ ಕೊಂಡವರು. ಪಹಣಿ ಅವರ ಹೆಸರಿನಲ್ಲಿದೆ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಸಾಲವಾಗಲಿ ತಕರಾರಾಗಲಿ ಇಲ್ಲ. ಆದರೆ ಮೂಲದಲ್ಲಿ ಇದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸಿಕ್ಕ ಗ್ರಾಂಟ್ (ಸರ್ಕಾರ ಮಂಜೂರು ಮಾಡಿದ) ಜಮೀನು ಎಂದು ಊರಿನವರೊಬ್ಬರು ಹೇಳಿದರು. ಮುಂಗಡ ಕೊಡಬಹುದೇ?

ಉತ್ತರ: ಈಗಲೇ ಕೊಡಬೇಡಿ. ಊರಿನವರ ಆ ಮಾತು ನಿಮ್ಮ ಕೈಯಲ್ಲಿರುವ ಎರಡೂ ಕಾಗದಗಳಿಗಿಂತ ತೂಕದ್ದು. ಇಸಿಯಲ್ಲಿ ಕಾಣುವುದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳು. ಸರ್ಕಾರ ಜಮೀನು ಮಂಜೂರು ಮಾಡಿದ ಆದೇಶ, ಅದರ ಷರತ್ತುಗಳು ಕಂದಾಯ ಇಲಾಖೆಯ ಕಡತದಲ್ಲಿರುತ್ತವೆ.

ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಭೂಮಿಗೆ 1978ರ ಕಾಯ್ದೆಯೊಂದು ಅನ್ವಯಿಸುತ್ತದೆ. ಅದು ಕೆಲವು ಜಮೀನುಗಳ ಪರಭಾರೆ (ಹಸ್ತಾಂತರ) ನಿಷೇಧ ಕಾಯ್ದೆ, ಕಚೇರಿಗಳಲ್ಲಿ ಎಲ್ಲರೂ ಅದನ್ನು ಪಿಟಿಸಿಎಲ್ ಎನ್ನುತ್ತಾರೆ. 1979ರ ಜನವರಿ 1ರಂದು ಅದು ಜಾರಿಗೆ ಬಂದ ಮೇಲೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಪರಭಾರೆ ಅಸಿಂಧು. ಮಂಜೂರಾತಿಯ ಷರತ್ತಿನಲ್ಲಿ ಹೇಳಿದ ಪರಭಾರೆ ನಿಷೇಧದ ಅವಧಿ ಮುಗಿದಿದೆ ಎಂದರೂ ಅನುಮತಿ ಬೇಕು. ಕ್ರಯ, ದಾನ, ಅಡಮಾನ, ಗುತ್ತಿಗೆ ಎಲ್ಲವೂ ಪರಭಾರೆಯೇ. ಮಾರಾಟದ ಕರಾರು ಕೂಡ ಇದರಲ್ಲಿ ಸೇರುತ್ತದೆ, ಆದ್ದರಿಂದ ನೀವು ಮುಂಗಡ ಕೊಟ್ಟು ಬರೆಸಿಕೊಳ್ಳುವ ಕರಾರಿಗೇ ಬೆಲೆ ಇಲ್ಲದಂತಾಗಬಹುದು. ಕುಟುಂಬದೊಳಗಿನ ವಿಭಾಗ ಮತ್ತು ಉಯಿಲು ಇದರಲ್ಲಿ ಸೇರುವುದಿಲ್ಲ.

ಮೂಲ ಮಂಜೂರಾತಿದಾರರು ಅಥವಾ ಅವರ ವಾರಸುದಾರರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಜಮೀನು ಅವರಿಗೆ ಮರಳಬಹುದು. ‘ಗೊತ್ತಿಲ್ಲದೆ ಕೊಂಡೆವು’ ಎಂಬ ವಾದ ಅಲ್ಲಿ ನಿಲ್ಲುವುದು ಕಷ್ಟ. ಕೊಂಡವರಿಗೆ ಪರಿಹಾರ ಕೊಡುವ ಏರ್ಪಾಡು ಈ ಕಾಯ್ದೆಯಲ್ಲಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಇಪ್ಪತ್ತು ವರ್ಷ ಕಳೆದಿದೆಯಲ್ಲ ಎಂದು ಮಧ್ಯವರ್ತಿ ಹೇಳಿಯಾನು. ತೀರಾ ತಡವಾಗಿ ಬಂದ ಅರ್ಜಿ ನಿಲ್ಲದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಅದಾದ ಮೇಲೆ, 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ಇಲ್ಲ ಎಂದು ಸೇರಿಸಿತು. ಆ ತಿದ್ದುಪಡಿಯ ವ್ಯಾಪ್ತಿಯ ಬಗ್ಗೆ ಹೈಕೋರ್ಟಿನಲ್ಲಿ ವಾದಗಳು ನಡೆದಿವೆ. ಅಂಥ ವ್ಯಾಜ್ಯದೊಳಗೆ ನಿಮ್ಮ ಉಳಿತಾಯವನ್ನು ಇಡಬೇಡಿ.

ಈ ಕಾಯ್ದೆ ಕೊಳ್ಳುವವರಿಗೆ ಹಾಕಿದ ತೊಡಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮದುವೆಗೋ ಔಷಧಕ್ಕೋ ಸಾಲ ಮಾಡಿ, ಇದ್ದ ಒಂದೇ ತುಂಡು ಭೂಮಿಯನ್ನು ಸಿಕ್ಕಿದ ಬೆಲೆಗೆ ಬಿಟ್ಟುಕೊಟ್ಟ ಕುಟುಂಬಗಳಿಗಾಗಿ ಬಂದ ಕಾನೂನು ಇದು. ಬರದ ಬವಣೆ ಚಿತ್ರದುರ್ಗ ಜಿಲ್ಲೆಗೆ ಚೆನ್ನಾಗಿ ಗೊತ್ತು.

ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಸಾಗುವಳಿ ಚೀಟಿ (ಮಂಜೂರಾತಿ ಪತ್ರ), ಮಂಜೂರಾತಿ ರಿಜಿಸ್ಟರಿನ ನಕಲು ಮತ್ತು ಅಂದಿನಿಂದ ಇಂದಿನವರೆಗಿನ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿಗಳನ್ನು ಪಡೆಯಿರಿ. ಊರಿನವರ ಮಾತು ನಿಜವಾಗಿದ್ದರೆ, 20 ವರ್ಷಗಳ ಹಿಂದಿನ ಕ್ರಯಕ್ಕೆ ಮುಂಚೆಯೇ ಪಡೆದ ಸರ್ಕಾರಿ ಅನುಮತಿಯ ಆದೇಶವನ್ನು ಮಾರುವವರು ತೋರಿಸಬೇಕು. ಆಮೇಲೆ ತಂದ ಅನುಮತಿ ಸಾಲದು, ಪಹಣಿಯಲ್ಲಿ ಹೆಸರು ಬಂದಿದ್ದರಿಂದಲೂ ದೋಷ ಹೋಗದು. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಸಿಕ್ಕರೆ, ಜಮೀನು ಮಂಜೂರಾತಿಯದ್ದಲ್ಲ ಎಂದು ಅದಕ್ಕೆ ಅರ್ಥವಲ್ಲ. ಹಳೆಯ ಕೈಬರಹದ ಪಹಣಿಗಳನ್ನು ತೆಗೆಸಿ, ಕಂದಾಯದ ವ್ಯಾಜ್ಯ ಬಲ್ಲ ವಕೀಲರಿಗೆ ತೋರಿಸಿ.